ನಂದಗುಡಿಯ ಜಗಲಿಯಲ್ಲಿ ಕೂತಿದ್ದವಳು

ದೆವ್ವ, ಗಾಳಿ, ಮೈಮೇಲೆ ಬರುವುದು, ಇಂಥ ಮಾತು ಎದ್ದಾಗೆಲ್ಲ ನಾನು ಕೇಳುತ್ತಿದ್ದುದು ಒಂದೇ ಪ್ರಶ್ನೆ. ಕಂಡವರು ಯಾರು, ಅದರಿಂದ ಅವರಿಗೇನು ಲಾಭ? ಹೇಳುತ್ತಿದ್ದವರು ಮುಖ ಸಿಂಡರಿಸಿಕೊಂಡು ಎದ್ದು ಹೋಗುತ್ತಿದ್ದರು. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನೀವೂ ನನ್ನನ್ನು ಅದೇ ಪ್ರಶ್ನೆ ಕೇಳಿ, ನನಗೆ ಬೇಜಾರಿಲ್ಲ.

ನನ್ನ ಊರು ಕುಂದಾಣದ ಹತ್ತಿರ. ದೇವನಹಳ್ಳಿಯಲ್ಲಿ ಜಮೀನು ಕೊಳ್ಳುವವರ ಪರವಾಗಿ ಪತ್ರ ಪರಿಶೀಲಿಸುವುದು ನನ್ನ ಕೆಲಸ. ಈ ಜಮೀನು ಯಾರಿಂದ ಯಾರಿಗೆ ಬಂತು, ನಡುವೆ ಎಲ್ಲಾದರೂ ಕೊಂಡಿ ತಪ್ಪಿದೆಯೇ ಎಂದು ಹುಡುಕಬೇಕು. ವಿಮಾನ ನಿಲ್ದಾಣ ಬಂದ ಮೇಲೆ ನಮ್ಮ ಕಡೆ ಅನುಮಾನಪಡುವುದಕ್ಕೂ ಸಂಬಳ ಸಿಗುತ್ತದೆ. ಜಾಗ ನೋಡಲು ಹೋಗುವಾಗ ನಾನು ಮುಂಚೆ ಫೋನ್ ಮಾಡುವವನಲ್ಲ. ಮಾಡಿದರೆ ಮಾರುವವರು ಅಕ್ಕಪಕ್ಕದವರಿಗೆಲ್ಲ ಪಾಠ ಹೇಳಿಕೊಟ್ಟು ಕೂರಿಸಿರುತ್ತಾರೆ. ಈ ಬುದ್ಧಿ ಮನೆಗೂ ಬಂದುಬಿಟ್ಟಿದೆ. ತರಕಾರಿಯವನು ತೂಕ ಸರಿಯಾಗಿ ಹಾಕಿದರೂ ನನಗೆ ಅನುಮಾನ ಎಂದು ಹೆಂಡತಿ ಮಂಜುಳ ರೇಗಿಸುತ್ತಾಳೆ.

ಕೆಲವು ವರ್ಷಗಳ ಹಿಂದೆ ನಮ್ಮ ಮಗಳು ಸಿಂಚನಾಗೆ ರಕ್ತದ ಕ್ಯಾನ್ಸರ್ ಬಂತು. ಒಮ್ಮೆ ಔಷಧಿಯಿಂದ ವಾಸಿಯಾಗಿ ಮತ್ತೆ ಮರುಕಳಿಸಿತು. ಇನ್ನು ಅಸ್ಥಿಮಜ್ಜೆ ಕಸಿಯೊಂದೇ ದಾರಿ ಎಂದರು ಆಸ್ಪತ್ರೆಯ ಡಾಕ್ಟರಮ್ಮ. ಸಿಂಚನಾಳ ತಮ್ಮ ಹೇಮಂತನ ಮಜ್ಜೆ ಹೊಂದುತ್ತಿತ್ತು. ಅಂದರೆ ಕಾಯಿಲೆಯ ಮಗುವಿನ ಜೊತೆಗೆ ಗಟ್ಟಿಮುಟ್ಟಾಗಿದ್ದ ಮಗುವನ್ನೂ ಇವರ ಕೈಗೆ ಒಪ್ಪಿಸಬೇಕು. ಮೊದಲು ಮಗಳ ಮೈಯಲ್ಲಿರುವ ಮಜ್ಜೆಯನ್ನು ಔಷಧಿ ಕೊಟ್ಟು ಪೂರ್ತಿ ಸುಟ್ಟು ಹಾಕುತ್ತಾರೆ. ತಮ್ಮನ ಮಜ್ಜೆ ಹಿಡಿಯದಿದ್ದರೆ ಹಿಂದಕ್ಕೆ ದಾರಿಯಿಲ್ಲ. ನಾನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕದೆ ದಿನ ತಳ್ಳುತ್ತಿದ್ದೆ. ಬೇಗ ಹೇಳಿ, ಕಾಯಿಲೆ ಕಾಯುವುದಿಲ್ಲ ಎಂದು ಅವರು ಒತ್ತಾಯಿಸುತ್ತಿದ್ದರು. ಯಾರಾದರೂ ಅವಸರ ಮಾಡಿದರೆ ನನ್ನ ಅನುಮಾನ ಇನ್ನೂ ಹೆಚ್ಚುತ್ತದೆ.

ಜಮೀನಿನ ಮೂಲ ಹುಡುಕುವ ಹಾಗೆ ಡಾಕ್ಟರಮ್ಮನ ಹಿನ್ನೆಲೆ ಹುಡುಕಿದೆ. ಮೈಸೂರಿನಲ್ಲಿ ಎಂಬಿಬಿಎಸ್, ದೆಹಲಿಯಲ್ಲಿ ಮಕ್ಕಳ ವೈದ್ಯಶಾಸ್ತ್ರ, ಕೆನಡಾದಲ್ಲಿ ಮಕ್ಕಳ ಕ್ಯಾನ್ಸರ್ ಮತ್ತು ಮಜ್ಜೆ ಕಸಿಯ ತರಬೇತಿ. ಪರಿಚಯದ ನರ್ಸುಗಳು, ಅವರ ಪರಿಚಯದವರು, ಹೀಗೆ ಒಬ್ಬೊಬ್ಬರನ್ನೇ ಹಿಡಿದು ವಿಚಾರಿಸಿದೆ. ಎಲ್ಲವೂ ನಿಜ. ಆದರೆ ಕೆನಡಾ ಬಿಟ್ಟ ಮೇಲೆ, ಇಲ್ಲಿಗೆ ಸೇರುವ ಮುಂಚೆ, ಎರಡು ವರ್ಷ ಖಾಲಿ. ಆ ಕೊಂಡಿ ಯಾರಿಗೂ ಗೊತ್ತಿರಲಿಲ್ಲ. ಅಲ್ಲಿ ಯಾವುದೋ ಮಗುವಿಗೆ ಹೆಚ್ಚುಕಡಿಮೆ ಮಾಡಿ ಓಡಿಬಂದಿದ್ದಾರೆ ಎಂದು ನನ್ನ ಮನಸ್ಸು ತೀರ್ಮಾನ ಮಾಡಿಬಿಟ್ಟಿತು.

ನೇರವಾಗಿ ಕೇಳಿದೆ. ಅವರು ಕಂಪ್ಯೂಟರಿನಿಂದ ಮುಖ ಎತ್ತದೆ, "ಕೆಲಸ ಮಾಡ್ತಿರ್ಲಿಲ್ಲ, ಮನೇಲಿದ್ದೆ" ಎಂದರು. ಆಮೇಲೆ, ಕಸಿ ಮಾಡಿಸಿಕೊಂಡವರ ಜೊತೆ ಮಾತಾಡಿದರೆ ಧೈರ್ಯ ಬರುತ್ತದೆ, ನಂದಗುಡಿಯಲ್ಲಿ ರತ್ನಮ್ಮ ಅಂತ ಇದ್ದಾರೆ, ಅವರ ಮಗ ಈಗ ಚೆನ್ನಾಗಿದ್ದಾನೆ ಎಂದರು. ಹೊಸದಾಗಿ ಬರುವವರನ್ನು ಹೀಗೆ ಹಳಬರ ಹತ್ತಿರ ಕಳಿಸುವುದು ಅಲ್ಲಿನ ರೂಢಿ. ಅವರದೇ ಸಾಕ್ಷಿ, ಅವರು ಹೇಳಿಕೊಟ್ಟದ್ದನ್ನೇ ಹೇಳುತ್ತಾಳೆ ಎಂದುಕೊಂಡೆ. ಫೋನ್ ನಂಬರ್ ಕೊಡಲು ಬಂದರು, ಬೇಡವೆಂದೆ. ಮಂಗಳವಾರ ಬೆಳಿಗ್ಗೆ ಯಾರಿಗೂ ಹೇಳದೆ ಹೊಸಕೋಟೆ ಮೇಲೆ ನಂದಗುಡಿಗೆ ಹೋದೆ.

ಅಂಗಡಿಯವನು ಮನೆ ತೋರಿಸಿದ. ನೀಲಿ ಬಾಗಿಲು ಮುಚ್ಚಿತ್ತು. ಜಗಲಿಯ ಮೇಲೆ ದಪ್ಪನೆಯ ಹೆಂಗಸೊಬ್ಬಳು ಅವರೆಕಾಯಿ ಸುಲಿಯುತ್ತ ಕೂತಿದ್ದಳು. ನಾನು ಬಾಯಿ ಬಿಡುವ ಮುಂಚೆಯೇ, "ಕೂತ್ಕಳಿ, ಮಗೀಗೆ ಹುಷಾರಿಲ್ದೋರು ತಾನೆ" ಎಂದಳು. ಇಲ್ಲಿಗೆ ಬರುವವರೆಲ್ಲ ಅಂಥವರೇ ಇರಬೇಕು ಎಂದುಕೊಂಡು ಕೂತೆ. ಅವಳು ಕೈ ನಿಲ್ಲಿಸಲಿಲ್ಲ.

"ಡಾಕ್ಟ್ರಮ್ಮ ಆ ಎರಡು ವರ್ಸ ಎಲ್ಲಿದ್ರು ಅಂತ ತಾನೆ ನಿಮ್ಗೆ ಅನ್ಮಾನ" ಎಂದಳು. "ಔರ ಹೆಣ್ಮಗೀನ ಮಡ್ಲಲ್ಲಿ ಇಕ್ಕೊಂಡು ಕೂತಿದ್ರು. ನಿಮ್ಮ ಮಗೀಗೆ ಬಂದಿರೋ ಕಾಯ್ಲೇನೆ. ಯಾರ ಮಜ್ಜೇನೂ ಹೊಂದ್ಲಿಲ್ಲ ಅದ್ಕೆ. ಮಗೀನ ಮಿಣುಕು ಅಂತ ಕರೀತಿದ್ರು. ಕಡೇಲಿ ಮಗೀಗೆ ನೋವು ಗೊತ್ತಾಗ್ಲಿಲ್ಲ ಬುಡಿ, ನಿದ್ದೆ ಮಾಡ್ದಂಗೆ ಹೋಯ್ತು. ನಿಮ್ಮ ಮಗೀಗೆ ತಮ್ಮ ಅವ್ನೆ. ಹೋಗಿ ಸಹಿ ಹಾಕಿ."

ಕಸಿಯ ಬಗ್ಗೆ ಇನ್ನಷ್ಟು ಕೇಳಿದೆ. ಅವಳು ಕಾಯಿ ಸುಲಿಯುತ್ತಲೇ ಇದ್ದಳು. ಹೊತ್ತಾಯಿತೆಂದು ಎದ್ದು ಬಂದೆ. ದಾರಿಯಲ್ಲಿ ಬೈಕ್ ನಿಲ್ಲಿಸಿ ಅತ್ತುಬಿಟ್ಟೆ. ಮಾರನೆಯ ದಿನವೇ ಸಹಿ ಹಾಕಿದೆ.

ತಮ್ಮನ ಮಜ್ಜೆ ಹಿಡಿಯಿತು. ಬಾಯೆಲ್ಲ ಹುಣ್ಣು, ಜ್ವರ, ಗಾಜಿನಾಚೆ ನಿಂತು ನೋಡುವ ದಿನಗಳು ಮುಗಿದು ಮಗಳು ಮನೆಗೆ ಬಂದಳು. ಒಂದು ದಿನ ತಪಾಸಣೆಗೆ ಹೋದಾಗ ನನ್ನ ಮನಸ್ಸು ತುಂಬಿ ಬಂದಿತ್ತು. "ನಿಮ್ಮ ಮಗಳು ಮಿಣುಕು ವಿಷಯ ರತ್ನಮ್ಮ ಹೇಳಿದ್ರು ಮೇಡಂ. ನಿಮ್ಮ ಮೇಲೆ ಅನುಮಾನ ಪಟ್ಟಿದ್ದೆ" ಎಂದೆ.

ಡಾಕ್ಟರಮ್ಮನ ಮುಖ ಬಿಳಿಚಿಕೊಂಡಿತು. "ನನ್ನ ಮಗಳ ವಿಷಯ ಇಲ್ಲಿ ಯಾರಿಗೂ ಗೊತ್ತಿಲ್ಲ. ನೀವು ನನ್ನ ಹಿಂದೆ ಬಿದ್ದು ಏನೇನು ಕೆದಕಿದೀರ" ಎಂದರು. ರತ್ನಮ್ಮ ಮಗನನ್ನು ಕರೆದುಕೊಂಡು ಅವತ್ತೇ ತಪಾಸಣೆಗೆ ಬಂದಿದ್ದರು. ಹೊರಗಿದ್ದವರನ್ನು ಡಾಕ್ಟರಮ್ಮ ಒಳಗೆ ಕರೆಸಿದರು.

ಬಂದವರು ಸಣಕಲು ಹೆಂಗಸು. ನಾನು ನೋಡಿದವಳಲ್ಲ.

ನಾನು ಹೋಗಿದ್ದ ದಿನ ಹೇಳಿದೆ. "ಆ ಮಂಗಳವಾರ ನಾವು ಊರಲ್ಲೇ ಇರ್ಲಿಲ್ಲ ಕಣಣ್ಣ" ಎಂದರು ರತ್ನಮ್ಮ. "ಘಾಟಿ ದೇವಸ್ತಾನಕ್ಕೆ ಹೋಗಿದ್ವಿ. ಔಸ್ದೀಲಿ ಉದ್ರೋದ ಮಗನ ಕೂದ್ಲು ತಿರ್ಗಾ ಬಂದ್ರೆ ಸ್ವಾಮಿಗೇ ಕೊಡ್ತೀವಿ ಅಂತ ಹರಕೆ ಇತ್ತು. ಮನೆಗೆ ಬೀಗ ಹಾಕಿತ್ತು. ಬಂದು ನೋಡಿದ್ರೆ ಜಗಲಿ ತುಂಬ ಅವರೆ ಸಿಪ್ಪೆ. ಯಾರು ಸುಲ್ದು ಹೋದ್ರೋ ಅಂತ ಬೈಕೊಂಡು ಗುಡಿಸ್ದೆ." ಡಾಕ್ಟರಮ್ಮನಿಗೆ ಒಬ್ಬ ಮಗಳಿದ್ದಳೆಂಬುದು ರತ್ನಮ್ಮನಿಗೆ ಅವತ್ತೇ ಗೊತ್ತಾಗಿದ್ದು.

ಸಿಪ್ಪೆ ಬಿದ್ದಿತ್ತು ಎಂದ ಮೇಲೆ ನಿಜವಾದ ಹೆಂಗಸೇ ಕೂತಿದ್ದಳು ಎಂದಾಯಿತಲ್ಲ. ಮತ್ತೆ ನಂದಗುಡಿಗೆ ಹೋಗಿ ಆ ಬೀದಿಯ ಮನೆಮನೆ ವಿಚಾರಿಸಿದೆ. ಅಂಥ ಹೆಂಗಸನ್ನು ಯಾರೂ ಕಂಡಿಲ್ಲ. ಡಾಕ್ಟರಮ್ಮನೇ ಕೂರಿಸಿದ್ದರೇ ಎಂದು ಅನುಮಾನಿಸಿದೆ, ಆದರೆ ನಾನು ಯಾವತ್ತು ಹೋಗುತ್ತೇನೆಂದು ಹೆಂಡತಿಗೂ ತಿಳಿದಿರಲಿಲ್ಲ. ನಾನೇ ಎಲ್ಲೋ ಕೇಳಿ ಮರೆತಿದ್ದೆನೇ ಎಂದು ನನ್ನನ್ನೇ ಅನುಮಾನಿಸಿದೆ. ಡಾಕ್ಟರಮ್ಮನೂ ಬಹಳ ದಿನ ನನ್ನನ್ನು ಕಳ್ಳನ ಹಾಗೆ ನೋಡಿದರು. ಮನೆಯೊಳಗಷ್ಟೇ ಓಡಾಡಿದ ಆ ಅಡ್ಡಹೆಸರು ನನ್ನವರೆಗೆ ಹೇಗೆ ಬಂತೆಂಬುದು ಅವರಿಗೂ ಹೊಳೆಯಲಿಲ್ಲ.

ಸಿಂಚನಾ ಈಗ ಹೈಸ್ಕೂಲು. ವರ್ಷಕ್ಕೊಮ್ಮೆ ತಪಾಸಣೆಗೆ ಹೋಗುತ್ತೇವೆ. ಎಲ್ಲ ನೋಡಿ ಮುಗಿಸಿದ ಮೇಲೆ ಡಾಕ್ಟರಮ್ಮ ಮಗಳನ್ನೂ ನರ್ಸನ್ನೂ ಹೊರಗೆ ಕಳಿಸಿ ಬಾಗಿಲು ಹಾಕುತ್ತಾರೆ. ಇಂಥದ್ದನ್ನೆಲ್ಲ ನಂಬುವವರಲ್ಲ ಅವರು. ಆದರೂ ತಗ್ಗಿದ ದನಿಯಲ್ಲಿ ಕೇಳುತ್ತಾರೆ: "ಮಿಣುಕು ಬಗ್ಗೆ ಆ ಹೆಂಗ್ಸು ಇನ್ನೇನಾದ್ರೂ ಹೇಳಿದ್ಲಾ? ಚೆನ್ನಾಗಿ ನೆನಪು ಮಾಡ್ಕೊಳ್ಳಿ."

ಒಂದು ಮಾತು ಕಟ್ಟಿ ಹೇಳಿಬಿಡೋಣ ಎಂದು ಪ್ರತಿಸಲವೂ ಬಾಯಿಗೆ ಬರುತ್ತದೆ. "ಇಲ್ಲ ಮೇಡಂ, ನಿದ್ದೆ ಮಾಡ್ದಂಗೆ ಹೋಯ್ತು ಅಂದ್ಲು, ಅಷ್ಟೇ" ಎನ್ನುತ್ತೇನೆ. ಇನ್ನೊಂದು ಸಲ ಹೇಳಿ ಎನ್ನುತ್ತಾರೆ. ಹೇಳುತ್ತೇನೆ.