ಗಾಜಿನಿಂದ ಜಾರಿದ ಮುಖ

ಗಾಜಿನ ಪ್ಲೇಟಿನ ಮೇಲೆ ಫೋಟೋ ತೆಗೆಯುತ್ತಿದ್ದ ಕಾಲ. ಒಂದು ಬಿರುಬೇಸಿಗೆಯಲ್ಲಿ ಶಿರಗುಪ್ಪಿಯ ಹತ್ತಿ ವ್ಯಾಪಾರಿಯೊಬ್ಬರು ತಮ್ಮ ತಾಯಿಯ ಫೋಟೋ ತೆಗೆಯಲು ನನ್ನನ್ನು ಹುಬ್ಬಳ್ಳಿಯಿಂದ ಕರೆಸಿದರು. ಬಾಗಿಲಲ್ಲೇ ಆ ಮುದುಕಿ ನನ್ನ ಚರ್ಮದ ಚೀಲ ನೋಡಿ, "ಅದನ್ನ ಹೊರಗ ಕಟ್ಟಿ ಮ್ಯಾಲ ಇಡ್ರಿ. ಚರ್ಮಾ ಒಳಗ ಬರಂಗಿಲ್ಲ" ಅಂದಳು.

ಫೋಟೋ ತೆಗೆದು, ಕಾಳಿನ ಕೋಣೆಯ ಕತ್ತಲಲ್ಲಿ ಪ್ಲೇಟಿಗೆ ಔಷಧಿ ಹಾಕಿ, ಕಡೆಯ ಸಲ ತೊಳೆಯಲು ಪಡಸಾಲೆಗೆ ತಂದೆ. ಮುಖ ಚೆಂದ ಮೂಡಿತ್ತು. ಅಂಗಳದಿಂದ ತಂದ ಹಂಡೆಯ ನೀರು ಬಿಸಿಲಿಗೆ ಕಾದದ್ದು ನನ್ನ ಲಕ್ಷ್ಯಕ್ಕೇ ಬರಲಿಲ್ಲ. ಸುರಿದೆ. ಕಣ್ಣೆದುರೇ ಮುದುಕಿಯ ಹಣೆ ಸುಕ್ಕುಗಟ್ಟಿ, ಇಡೀ ಮುಖ ಹಾಲಿನ ಕೆನೆಯಂತೆ ಜಾರಿ ತಟ್ಟೆಗೆ ಬಿತ್ತು. ಕೈಯಲ್ಲಿ ಬರೀ ಗಾಜು!

"ಅಯ್ಯಯ್ಯ, ಅವ್ವನ ಮುಖ! ಏನ್ ಅಪಶಕುನಾರೀ ಇದು?" ವ್ಯಾಪಾರಿ ಚೀರಿದರು.

ಗಾಬರಿಯಲ್ಲಿ ನನ್ನ ಬಾಯಿಂದ ಖರೇ ಸಂಗತಿಯೇ ಹೊರಬಿತ್ತು. "ಅಪಶಕುನ ಅಲ್ರೀ, ಚಿತ್ರ ಹಿಡಿಯೋ ಅಂಟು ಕರಗೇತಿ. ತಣ್ಣಗಿದ್ರ ಗಟ್ಟಿ ಇರತೈತಿ, ಕಾದ್ರ ನೀರಾಗತೈತಿ. ದನದ ಎಲುಬು, ಚರ್ಮ ಕುದಿಸಿ ಮಾಡಿದ್ದರಿ ಅದು."

ವ್ಯಾಪಾರಿಯ ಕಣ್ಣು ದೇವರ ಕೋಣೆಯತ್ತ ಹೋಯಿತು. ಅಲ್ಲಿ ತೀರಿಹೋದ ತಂದೆಯ ಫೋಟೋ, ವಿಭೂತಿ ಹಚ್ಚಿಸಿಕೊಂಡು ಕೂತಿತ್ತು.

"ಅದರಾಗೂ ಐತೇನ್ರಿ?"

"ಹೂಂ" ಅಂದೆ. ಅವರು ಗೋಡೆಗೆ ಒರಗಿಬಿಟ್ಟರು.

ಮುದುಕಿ ಮಾತ್ರ ಕೂತಲ್ಲಿಂದ ಕದಲಲಿಲ್ಲ. "ಯಾಕ ಹಂಗ ಗಾಬರಿ ಆಗತೀಯೋ? ಬದುಕಿದ್ದಾಗ ನಿಮ್ಮಪ್ಪನೂ ಎಲುಬು, ಚರ್ಮಾನ ಇದ್ದ. ಆವಾಗ ನಾ ಕಾಲಿಗೆ ಬೀಳಲಿಲ್ಲೇನು?"

ಆ ಮಾತಿಗೆ ಬೆಚ್ಚಿದವನು ನಾನು. ಮತ್ತೊಮ್ಮೆ ಆಕೆಯ ಫೋಟೋ ತೆಗೆದು, ಈ ಸಲ ಬಾವಿಯ ತಣ್ಣೀರು ತರಿಸಿ ಪ್ಲೇಟು ತೊಳೆದೆ. ಈಗ ಆಕೆಯ ಫೋಟೋ ಗಂಡನ ಪಕ್ಕ ದೇವರ ಕೋಣೆಯಲ್ಲೇ ಇದೆಯಂತೆ. ನನ್ನ ಚೀಲವನ್ನು ಮಾತ್ರ ಆಕೆ ಆ ದಿನ ಕಡೆಯವರೆಗೂ ಒಳಗೆ ಬಿಡಲಿಲ್ಲ.