ತಾಂಬೂಲದ ಎರಡು ಹಣ್ಣಡಿಕೆ

ಆ ಶುಕ್ರವಾರ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಇಟ್ಟೆ. ಹಂಡೆ ತುಂಬಿಸಿ ಒಲೆ ಹಚ್ಚಿದೆ. ಮೊಸರು ಕಡೆದೆ, ಗೋರಿಕಾಯಿ ಸೋಸಿಟ್ಟೆ, ಅತ್ತೆಯವರ ಸೀರೆ ಹಿಂಡಿ ಹರವಿದೆ. ಸ್ಕೂಲಿನ ಕೆಲಸಕ್ಕೆ ಅರಸೀಕೆರೆಗೆ ಹೊರಟಿದ್ದ ನಮ್ಮ ಮನೆಯವರಿಗೆ ಬುತ್ತಿ ಕಟ್ಟಿ, ಜಾವಗಲ್ ಮೇಲೆ ಹೋಗುವ ಮೊದಲ ಬಸ್ಸಿಗೆ ಕಳಿಸಿದೆ. ಆಮೇಲೆ ಹಿಂದಿನ ಕೋಣೆಯಲ್ಲಿದ್ದ ದೊರೆಸಾನಿಯನ್ನು ಕರೆದು ಅರಿಶಿನ ಕುಂಕುಮ ಕೊಟ್ಟೆ. ಅಂದಿನ ಕೆಲಸಗಳಲ್ಲಿ ಎಡವಿದ್ದು ಅಲ್ಲೇ.

ಅರವತ್ತನೇ ಇಸವಿಯ ಆಚೀಚಿನ ಮಾತು. ನಮ್ಮ ಮನೆಯವರು ಹಳೇಬೀಡಿನಲ್ಲಿ ಮೇಷ್ಟರಾಗಿದ್ದರು. ದೊರೆಸಾನಿ ದೇವಸ್ಥಾನದ ವಿಗ್ರಹಗಳ ಚಿತ್ರ ಬರೆದುಕೊಳ್ಳಲು ದೂರದೇಶದಿಂದ ಬಂದವಳು, ಇಪ್ಪತ್ತೈದರ ಹುಡುಗಿ. ನನ್ನನ್ನು ಅಕ್ಕ ಎನ್ನುತ್ತಿದ್ದಳು, ಅತ್ತೆಯವರನ್ನು ಅಮ್ಮ. ವಿಗ್ರಹದಷ್ಟೇ ಅವಳಿಗೆ ನಮ್ಮ ತರಕಾರಿಯ ಮೇಲೂ ಕಣ್ಣು. ಸಂತೆಯ ಚೀಲ ಬಂದರೆ ಎದುರಿಗೆ ಕೂತು, ಒಂದೊಂದನ್ನೂ ಎತ್ತಿ "ಇದು ಏನು ಅಕ್ಕ?" ಎಂದು ಕೇಳಿ, ಪುಸ್ತಕದಲ್ಲಿ ಚಿತ್ರ ಬರೆದು, ಆಮೇಲೆ ಕಚ್ಚಿಬಿಡುತ್ತಿದ್ದಳು. ಹಸಿ ಹೀರೇಕಾಯಿ ಆಯಿತು, ಗೋರಿಕಾಯಿ ಆಯಿತು. ಹಾಗಲಕಾಯಿ ಕಚ್ಚಿದ ದಿನ ಕಣ್ಣಲ್ಲಿ ನೀರು ಬಂದರೂ ಉಗುಳದೆ ನುಂಗಿದಳು.

"ಇವಳ ಕೈಗೆ ಗುಡಿಯ ಕಲ್ಲು ಕೊಟ್ಟರೂ ಕಚ್ಚಿ ನೋಡ್ತಾಳೆ ಕಣೇ," ಎಂದು ಅತ್ತೆ ನಗುತ್ತಿದ್ದರು.

ನನಗೆ ನಗು ಬರುತ್ತಿರಲಿಲ್ಲ. ಪರದೇಶದ ಹೆಣ್ಣುಮಗಳು, ಹೆಚ್ಚುಕಮ್ಮಿಯಾದರೆ ಅವಳ ತಾಯಿಗೆ ಯಾವ ಮುಖ ಇಟ್ಟುಕೊಂಡು ಕಾಗದ ಬರೆಯುವುದು? ಹಸಿಯಾಗಿ ತಿನ್ನಬಾರದ್ದು ಅವಳ ಕೈಗೆ ಹೋದರೆ ಮೊದಲು "ಬೇಡ" ಎನ್ನುವುದನ್ನು ರೂಢಿ ಮಾಡಿಕೊಂಡೆ. ಬಾಯಿ ತುರಿಸುವ ಕೆಸುವಿನ ಗೆಡ್ಡೆಯನ್ನಂತೂ ಅಟ್ಟದ ಮೇಲೆ ಬಚ್ಚಿಡುತ್ತಿದ್ದೆ.

ಆ ದಿನ ತಾಂಬೂಲಕ್ಕೆ ಬಾಳೆಹಣ್ಣು ಇರಲಿಲ್ಲ. ಪಕ್ಕದ ಮನೆಯಾಕೆ ಕೊಟ್ಟಿದ್ದ ಹಣ್ಣಡಿಕೆ ಇತ್ತು. ಸಿಪ್ಪೆ ಕಿತ್ತಳೆ ಬಣ್ಣಕ್ಕೆ ತಿರುಗಿ ನೋಡಲು ಚೆಂದವಾಗಿತ್ತು. ವೀಳ್ಯದೆಲೆಯ ಮೇಲೆ ಎರಡನ್ನು ಇಟ್ಟು ಕೊಟ್ಟೆ. ತಿನ್ನಬೇಡ ಎನ್ನುವ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ತಾಂಬೂಲ ಕೊಡುವಾಗ ಬೇಡ, ಇಲ್ಲ ಎನ್ನುವ ಮಾತು ಆಡಬಾರದೆಂದು ಅತ್ತೆಯವರ ಕಟ್ಟುನಿಟ್ಟು. ಅವರು ಪಕ್ಕದಲ್ಲೇ ನಿಂತಿದ್ದರು. ಆಮೇಲೆ ಹೇಳಿದರಾಯಿತು ಅಂದುಕೊಂಡೆ. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು. ಓಡಿದೆ. ಮರೆತೆ.

ಸ್ವಲ್ಪ ಹೊತ್ತಿಗೆ ಹಿಂದಿನ ಕೋಣೆಯಿಂದ "ಅಕ್ಕ" ಎಂದು ಸಣ್ಣ ದನಿ ಬಂತು. ಹೋಗಿ ನೋಡಿದರೆ ಗೋಡೆಗೆ ಒರಗಿ ಕೂತಿದ್ದಾಳೆ. ಮೈಯೆಲ್ಲ ಬೆವರು. ನಾನಿಟ್ಟ ಕುಂಕುಮ ಕರಗಿ ಮೂಗಿನವರೆಗೆ ಇಳಿದಿತ್ತು. ಒಂದು ಗಳಿಗೆ ರಕ್ತವೆಂದೇ ತಿಳಿದೆ. ಮುಂದೆ ಚಾಕು, ಸುಲಿದ ಸಿಪ್ಪೆ. ಅಡಿಕೆ ಎರಡೂ ಇರಲಿಲ್ಲ.

"ಮನೆ ತಿರುಗ್ತದೆ ಅಕ್ಕ," ಎಂದಳು.

ಅಡಿಕೆ ಸೊಕ್ಕಿ ತಲೆ ಸುತ್ತುವುದು ಗೊತ್ತಿಲ್ಲದ್ದೇನಲ್ಲ. ಚಿಕ್ಕಂದಿನಲ್ಲಿ ನನಗೂ ಸೊಕ್ಕಿತ್ತು. ಅದು ಒಂದು ಚೂರಿಗೆ. ಇವಳು ತಿಂದದ್ದು ಇಡೀ ಎರಡು. ಆ ದೇಶದ ಮೈ ಅದನ್ನು ತಾಳುತ್ತದೆಯೇ? ಡಾಕ್ಟರಿಗೆ ಬೇಲೂರಿಗೇ ಹೋಗಬೇಕು, ಬಸ್ಸು ಮಧ್ಯಾಹ್ನಕ್ಕೆ.

ಅತ್ತೆ ಬಂದು ಅವಳ ಕೈ ಹಿಡಿದು ನೋಡಿದರು. "ಸೊಕ್ಕಿದೆ, ಅಷ್ಟೇ. ತಣ್ಣೀರು ತಾ, ಮಜ್ಜಿಗೆಗೆ ಉಪ್ಪು ಹಾಕಿ ತಾ. ನೀನು ಹಾಗೆ ನಿಂತರೆ ನಿನ್ನ ಮುಖ ನೋಡೇ ಅವಳು ಹೆದರ್ತಾಳೆ."

ನೆತ್ತಿಗೆ ತಣ್ಣೀರು ತಟ್ಟಿದೆ, ಗುಟುಕು ಗುಟುಕಾಗಿ ಮಜ್ಜಿಗೆ ಕುಡಿಸಿದೆ. ಅವಳ ಎದೆ ಹೊಡೆದುಕೊಳ್ಳುವುದು ಬಟ್ಟೆಯ ಮೇಲೇ ಕಾಣುತ್ತಿತ್ತು. ಹಿತ್ತಲಿಂದ ಪಕ್ಕದ ಮನೆಯಾಕೆ ಇಣುಕಿದಳು.

"ಏನಾಗೈತ್ರವ್ವ ದೊರೆಸಾನಮ್ಮಂಗೆ?"

"ಏನಿಲ್ಲ, ಬಿಸಿಲಿಗೆ," ಎಂದೆ. ಮೇಷ್ಟರ ಮನೆಯಲ್ಲಿ ಏನೋ ತಿನ್ನಿಸಿದರಂತೆ ಎಂಬ ಮಾತು ಊರು ಸುತ್ತಲು ಎಷ್ಟು ಹೊತ್ತು ಬೇಕು?

ಬೇಲೂರಿನ ಬಸ್ಸಿನ ಹೊತ್ತಾಗುವಷ್ಟರಲ್ಲಿ ಬೆವರು ನಿಂತಿತು. ಅವಳೇ ಎದ್ದು ಮುಖ ತೊಳೆದುಕೊಂಡಳು. ತಡೆಯಲಾರದೆ ಕೇಳಿದೆ: "ಗೊತ್ತಿಲ್ಲದ್ದನ್ನ ಯಾಕಮ್ಮ ತಿಂದೆ?"

"ನೀವು ಯಾವಾಗಲೂ ಬೇಡ ಹೇಳ್ತೀರಿ. ಇವತ್ತು ಹೇಳಲಿಲ್ಲ. ಅದಕ್ಕೆ ತಿಂದೆ."

ನಾನು ಅತ್ತೆಯವರ ಮುಖ ನೋಡಿದೆ. ಅವರು ಸಿಪ್ಪೆ ಗುಡಿಸುವ ನೆವದಲ್ಲಿ ಬಗ್ಗಿದರು. ಗುಡಿಸಿ ಮುಗಿದ ಮೇಲೆ, "ಇನ್ನು ಮೇಲೆ ಇವಳಿಗೆ ಮೊದಲು ಬೇಡ ಅಂದುಬಿಡು, ಆಮೇಲೆ ಕುಂಕುಮ ಇಡು," ಎಂದರು. ಅವರು ಒಂದು ಶಾಸ್ತ್ರ ಸಡಿಲಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಸಂಜೆ ನಮ್ಮ ಮನೆಯವರು ಅರಸೀಕೆರೆಯಿಂದ ಬಾಳೆಹಣ್ಣು ತಂದರು. ಅವಳಿಗೊಂದು ಕೊಟ್ಟರೆ ತಿರುಗಿಸಿ ತಿರುಗಿಸಿ ನೋಡಿ, "ಇದು ಬೇಡವಾ ಅಕ್ಕ?" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಅವಳು ಅದನ್ನು ನುಂಗುವವರೆಗೆ ಗಂಟಲನ್ನೇ ನೋಡುತ್ತಿದ್ದೆ.

ಊಟಕ್ಕೆ ಗೋರಿಕಾಯಿ ಪಲ್ಯ, ಸಾರು; ಅವಳಿಗೆ ಮಜ್ಜಿಗೆ ಅನ್ನ ಮಾತ್ರ. ಅವಳ ಹಾಸಿಗೆಯನ್ನು ನಡುಮನೆಯಲ್ಲಿ ನನ್ನ ಮತ್ತು ಅತ್ತೆಯವರ ನಡುವೆ ಹಾಸಿದೆ. ಮೊದಲು ನಿದ್ದೆ ಹೋದವಳು ಅವಳೇ. ಅತ್ತೆಯವರೂ ಮಲಗಿದರು ಅಂದುಕೊಂಡಿದ್ದೆ. "ಉಸಿರು ಸರಿಯಾಗಿದೆಯಾ ನೋಡೇ," ಎಂದರು ಮೆಲ್ಲಗೆ. ನನ್ನ ಕೈ ಆಗಲೇ ಅವಳ ಮೂಗಿನ ಹತ್ತಿರ ಇತ್ತು.