ಚೌಡಯ್ಯನ ಕಾರಿನ ನೀರು

ಭದ್ರಾವತಿಯ ಜನ್ನಾಪುರದ ಚೌಡಯ್ಯನಿಗೆ ಕಾರನ್ನು ಗ್ಯಾರೇಜಿಗೆ ಬಿಡುವುದೆಂದರೆ ನಡುಬೀದಿಯಲ್ಲಿ ಮೀಸೆ ಬೋಳಿಸಿಕೊಂಡಷ್ಟು ಅವಮಾನ. ಕಬ್ಬಿಣದ ಕಾರ್ಖಾನೆಯ ಪಂಪ್‌ಹೌಸಿನಲ್ಲಿ ಮೂವತ್ತೊಂದು ವರ್ಷ ಕುಲುಮೆಗೆ ತಣ್ಣೀರು ಹರಿಸಿ ನಿವೃತ್ತನಾದ ಮನುಷ್ಯ. ಅಲ್ಲಿ ನೀರು ಸ್ವಲ್ಪ ಹೊತ್ತು ನಿಂತರೂ ಕುಲುಮೆಯ ಗೋಡೆ ಸೀಳಿಹೋಗುತ್ತದೆ. ತನ್ನ ಪಾಳಿಯಲ್ಲಿ ಒಂದು ದಿನವೂ ಹಾಗಾಗಲಿಲ್ಲ ಎಂಬುದು ಅವನ ಹೆಮ್ಮೆ. ನಿಜ ಹೇಳಬೇಕೆಂದರೆ ಅದು ಹೆಮ್ಮೆಗಿಂತ ಒಂದು ಕೈ ಮೇಲಿನ ಜಂಬ.

"ಅಷ್ಟು ದೊಡ್ಡ ಕುಲುಮೇನೇ ತಣ್ಣಗಿಟ್ಟೋನಿಗೆ ಈ ಡಬ್ಬಿ ಇಂಜಿನ್ನು ಯಾವ ಲೆಕ್ಕ ಮಾರಾಯ?" ಎಂದು ಪಕ್ಕದ ಮನೆಯ ಕೃಷ್ಣಪ್ಪನಿಗೆ ಆಗಾಗ ಹೇಳುತ್ತಿದ್ದ. ಕೂಲೆಂಟ್ ಎಂದರೆ ಅವನಿಗೆ ಅಂಗಡಿಯವರು ಹಸಿರು ಬಣ್ಣ ಕಲಸಿ ಮಾರುವ ನೀರು, ಅಷ್ಟೆ. ತನ್ನ ಹಳೆಯ ಬಿಳಿ ಕಾರಿನ ರೇಡಿಯೇಟರಿಗೆ ಅವನು ನಲ್ಲಿಯ ನೀರನ್ನೇ ಬಟ್ಟೆಯಲ್ಲಿ ಸೋಸಿ ಹಾಕುತ್ತಿದ್ದ. ಕೃಷ್ಣಪ್ಪ, "ಹಂಗಲ್ಲ ಚೌಡಯ್ಯ, ಬಣ್ಣ ಇದ್ರೆ ಎಲ್ಲಿ ಸೋರುತ್ತೆ ಅಂತ ಕಣ್ಣಿಗೆ ಕಾಣುತ್ತೆ" ಎಂದು ಒಮ್ಮೆ ಹೇಳಿ ನೋಡಿದ. ಚೌಡಯ್ಯ ನಕ್ಕುಬಿಟ್ಟ.

ಹೋದ ವರ್ಷ ಮಾರ್ಚಿನಲ್ಲಿ ಅವನ ಹೆಂಡತಿ ಪುಟ್ಟಲಕ್ಷ್ಮಿಗೆ ಗರ್ಭಕೋಶದ ಬಾಯಲ್ಲಿ ಗಡ್ಡೆ ಇದೆಯೆಂದು ಗೊತ್ತಾಯಿತು. ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಇಪ್ಪತ್ತೈದು ಸಲ ಕರೆಂಟು, ಅಂದರೆ ರೇಡಿಯೇಷನ್, ಕೊಡಬೇಕು, ವಾರಕ್ಕೆ ಐದು ದಿನ, ಮಧ್ಯ ತಪ್ಪಿಸಬಾರದು ಎಂದರು ಡಾಕ್ಟರು. ಇಪ್ಪತ್ತೈದೂ ಮುಗಿದರೆ ಗಡ್ಡೆ ಕರಗುವ ಭರವಸೆ ಚೆನ್ನಾಗಿದೆ ಎಂದೂ ಹೇಳಿದರು. ಮಗಳು ಶಾಮಲಾ ಇದ್ದದ್ದು ಶಿವಮೊಗ್ಗದ ಆಲ್ಕೊಳದಲ್ಲಿ. ಅಮ್ಮ ಅಲ್ಲೇ ಇರಲಿ ಎಂದಳು. ಆದರೆ ಅದು ಮೂರನೇ ಮಹಡಿ, ಲಿಫ್ಟ್ ಇಲ್ಲ. ಬಸ್ಸಿನ ಕುಲುಕಾಟ ಪುಟ್ಟಲಕ್ಷ್ಮಿಗೆ ಆಗುತ್ತಿರಲಿಲ್ಲ. "ನಮ್ಮ ಕಾರಿಲ್ವಾ? ದಿನಾ ನಾನೇ ಕರ್ಕೊಂಡು ಬರ್ತೀನಿ" ಎಂದು ಚೌಡಯ್ಯ ತೀರ್ಮಾನ ಕೊಟ್ಟ.

ಮೂರನೇ ದಿನವೇ ಕಾರು ಕೈಕೊಟ್ಟಿತು. ಮಾಚೇನಹಳ್ಳಿ ದಾಟುವಷ್ಟರಲ್ಲಿ ಮೀಟರಿನ ಮುಳ್ಳು ಕೆಂಪಿಗೆ ಏರಿ ಕೂತಿತು. ಬಾನೆಟ್ ಎತ್ತಿ, ತಣ್ಣಗಾಗುವವರೆಗೆ ಕಾದು ನೋಡಿದರೆ ರೇಡಿಯೇಟರಿನಲ್ಲಿ ಒಂದು ಲೀಟರಿನಷ್ಟು ನೀರು ಮಾಯ. ಅಂದಿನಿಂದ ಮನೆಯ ಅಂಗಳವೇ ಅವನ ಪಂಪ್‌ಹೌಸಾಯಿತು.

ಅವನು ಕೆಲಸ ಬಲ್ಲವನಲ್ಲ ಎಂದು ಮಾತ್ರ ಯಾರೂ ಹೇಳುವಂತಿಲ್ಲ. ಕಾರಿನ ಅಡಿಗೆ ರಟ್ಟು ಹಾಸಿ, ಬೆಳಿಗ್ಗೆ ಎದ್ದು ಅಂಗಾತ ಮಲಗಿ ನೋಡಿದ. ರಟ್ಟು ಒಣಗಿಕೊಂಡೇ ಇತ್ತು. ಪೈಪುಗಳನ್ನು ಒಂದೊಂದಾಗಿ ಹಿಂಡಿ ನೋಡಿದ. ರೇಡಿಯೇಟರನ್ನು ಮೂರು ಸಲ ತೊಳೆದ. ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ನೀರು ಸೇರಿ ಇಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯಂತಾಗಬೇಕು, ಅದೂ ಆಗಿರಲಿಲ್ಲ. ಕೊನೆಗೆ ಥರ್ಮೋಸ್ಟಾಟ್ ಬಿಚ್ಚಿ ಅಡುಗೆಮನೆಗೆ ನುಗ್ಗಿದ. ನೀರು ಕಾದಾಗ ತಾನಾಗಿ ಬಾಯಿ ತೆರೆದು ದಾರಿ ಬಿಡುವ ಪುಟ್ಟ ಹಿತ್ತಾಳೆ ಬಿಲ್ಲೆ ಅದು. ಅದನ್ನು ಪಾತ್ರೆಯಲ್ಲಿ ಕುದಿಸಿದರೆ ತೆರೆಯುತ್ತದೋ ಇಲ್ಲವೋ ಗೊತ್ತಾಗುತ್ತದೆ.

"ರೀ, ಅದು ಹಾಲಿನ ಪಾತ್ರೆ!" ಎಂದಳು ಪುಟ್ಟಲಕ್ಷ್ಮಿ.

"ತೊಳೆದ್ರೆ ಹೋಗುತ್ತೆ ಸುಮ್ನಿರು ಮಾರಾಯ್ತಿ. ಬಾ ಇಲ್ಲಿ, ನೋಡು, ಹೆಂಗೆ ಬಾಯಿ ಬಿಡ್ತು!"

ಅವಳು ಒಲೆಯ ಪಕ್ಕ ನಿಂತು, ಸುಸ್ತಿನ ನಡುವೆಯೂ ಅದನ್ನು ಬಗ್ಗಿ ನೋಡಿ ನಕ್ಕಳು. ಆ ಪಾತ್ರೆಯಲ್ಲಿ ಅವಳು ಮತ್ತೆ ಹಾಲು ಕಾಯಿಸಲಿಲ್ಲ, ಅದು ಬೇರೆ ಮಾತು.

ಎಲ್ಲವೂ ಸರಿಯಿತ್ತು, ನೀರು ಮಾತ್ರ ಹೋಗುತ್ತಲೇ ಇತ್ತು. ಪ್ರತಿ ಸಲವೂ ಒಂದು ಲೀಟರು. ಚೌಡಯ್ಯನ ತಲೆ ಕೆಟ್ಟು ಮೊಸರು ಗಡಿಗೆಯಾಯಿತು. ಕಡೆಗೆ ಹಳೆಯ ಡ್ರೈವರುಗಳೆಲ್ಲ ಬಲ್ಲ ಉಪಾಯವೊಂದನ್ನು ಹಿಡಿದ. ಕಾರಿನ ಹೀಟರನ್ನು ಪೂರ್ತಿ ತಿರುಗಿಸಿದರೆ ಇಂಜಿನ್ನಿನ ಬಿಸಿನೀರು ಡ್ಯಾಶ್‌ಬೋರ್ಡಿನ ಒಳಗಿನ ಚಿಕ್ಕ ರೇಡಿಯೇಟರಿಗೂ ಹರಿದು, ಒಂದಿಷ್ಟು ಕಾವು ಕಾರಿನೊಳಕ್ಕೆ ಬಂದುಬಿಡುತ್ತದೆ. ಇಂಜಿನ್ನು ಬದುಕುತ್ತದೆ, ಒಳಗೆ ಕೂತವರು ಬೇಯುತ್ತಾರೆ. ಏಪ್ರಿಲ್ಲಿನ ಆ ಬಿಸಿಲಿನಲ್ಲಿ, ಹೀಟರು ಉರಿಯುವ ಕಾರಿನಲ್ಲಿ, ಒದ್ದೆ ಟವೆಲನ್ನು ತಲೆಗೆ ಹಾಕಿಕೊಂಡು ಪುಟ್ಟಲಕ್ಷ್ಮಿ ದಿನಾ ಶಿವಮೊಗ್ಗಕ್ಕೆ ಹೋಗಿಬಂದಳು. ಮೈಯೆಲ್ಲ ಬೆವರಿ, ಮನೆಗೆ ಬಂದವಳೇ ಸೀದಾ ಬಚ್ಚಲಿಗೆ ಹೋಗಿ, ಸೀರೆ ಲಂಗವನ್ನೆಲ್ಲ ತಾನೇ ಒಗೆದು ಹಾಕುತ್ತಿದ್ದಳು. ಬಟ್ಟೆ ಒಗೆಯುವ ಯಂತ್ರ ಮನೆಯಲ್ಲೇ ಇದೆಯಲ್ಲ, ಅದಕ್ಕೆ ಹಾಕು ಎಂದರೆ ಕೇಳುತ್ತಿರಲಿಲ್ಲ. ಒಂದು ದಿನವೂ ಕಾರಿನ ಬಗ್ಗೆ ಗೊಣಗಲಿಲ್ಲ.

ಆಸ್ಪತ್ರೆಯಲ್ಲಿ ಇನ್ನೊಂದು ತಾಪತ್ರಯ ಶುರುವಾಯಿತು. ಕರೆಂಟು ಕೊಡುವ ಮುಂಚೆ ಚೆನ್ನಾಗಿ ನೀರು ಕುಡಿದು ಬರಬೇಕು, ಮೂತ್ರಕೋಶ ತುಂಬಿರಬೇಕು ಎಂದು ಅಲ್ಲಿನವರು ಹೇಳಿದ್ದರು. ಪುಟ್ಟಲಕ್ಷ್ಮಿ ಬೆಳಗಿನಿಂದ ಹನಿ ನೀರು ಮುಟ್ಟದೆ ಹೊರಡುತ್ತಿದ್ದಳು. ಅಲ್ಲಿ ನೀರು ಕುಡಿಸಿ, ಒಂದು ಗಂಟೆ ಕೂರಿಸಿ, ಆಮೇಲೆ ಒಳಗೆ ಕರೆಯುತ್ತಿದ್ದರು. "ನೀರು ಕುಡಿಯೋಕೇನು ಕಷ್ಟ ನಿಂಗೆ?" ಎಂದು ಚೌಡಯ್ಯ ಎಲ್ಲರೆದುರು ರೇಗಿದ. ಅವಳು ತಲೆ ತಗ್ಗಿಸಿ ಕೂತಳು.

ಹನ್ನೆರಡನೇ ದಿನ ಕಾರು ಸ್ಟಾರ್ಟೇ ಆಗದೆ, ಅಳಿಯ ಯೋಗರಾಜ್ ತನ್ನ ಕಾರಿನಲ್ಲಿ ಬಂದು ಕರೆದುಕೊಂಡು ಹೋದ. ಆ ಸಂಜೆ ಪುಟ್ಟಲಕ್ಷ್ಮಿ ಬೇರೆಯೇ ಹೆಂಗಸಾಗಿ ಬಂದಳು. ಮುಡಿಯಲ್ಲಿ ಮಲ್ಲಿಗೆ, ಕೈಯಲ್ಲಿ ಒಂದು ಪೊಟ್ಟಣ ಖಾರದ ಮಂಡಕ್ಕಿ. ಎರಡು ಸಲ ಅನ್ನ ಬಡಿಸಿಕೊಂಡಳು. ದಿನಾ ನಾನೇ ಬರ್ತೀನಿ ಮಾವ ಎಂದು ಯೋಗರಾಜ್ ಹೇಳಿದ್ದಕ್ಕೆ ಚೌಡಯ್ಯ, "ನಿಮಗ್ಯಾಕೆ ತೊಂದ್ರೆ? ನಾಳೆ ಹೊತ್ತಿಗೆ ನಂದು ರೆಡಿ" ಎಂದುಬಿಟ್ಟ. ಏಸಿ ಕಾರಿನ ತಂಪಿಗೆ ಹೆಂಡತಿ ಮರುಳಾದಳೆಂದು ಅವನಿಗೆ ಒಳಗೊಳಗೇ ಉರಿದಿತ್ತು. ಮರುದಿನ ಮತ್ತೆ ಅದೇ ಬಿಳಿ ಕಾರು, ಅದೇ ಹೀಟರು.

ಹದಿನೇಳು ಮುಗಿದ ಮೇಲೆ ಅವಳು ಹೊರಡಲು ಒಪ್ಪಲಿಲ್ಲ. ಅವನು ಬೈದ, ಬೇಡಿಕೊಂಡ, ಮಗಳನ್ನು ಕರೆಸಿದ. ಜಪ್ಪಯ್ಯ ಅಂದರೂ ಅವಳು ಏಳಲಿಲ್ಲ.

"ಕಾರಿನ ಸೆಕೆಗೆ ಹೆದರಿದ್ಯಾ? ಎರಡು ದಿನ ಕೊಡು, ಸರಿ ಮಾಡ್ತೀನಿ. ಇನ್ನು ಎಂಟೇ ಎಂಟು ಕಣೇ."

"ಕಾರಿಂದೇನೂ ಇಲ್ಲ ರೀ. ನನ್ನ ಮೈಯೇ ನನ್ನ ಮಾತು ಕೇಳ್ತಿಲ್ಲ. ನನ್ನ ಇಲ್ಲೇ ಬಿಟ್ಬಿಡಿ."

ಆಯುಧಪೂಜೆಗೆ ಇನ್ನೂ ಒಂಬತ್ತು ದಿನ ಇರುವಾಗ ಪುಟ್ಟಲಕ್ಷ್ಮಿ ತೀರಿಕೊಂಡಳು. ಕೊನೆಯ ಎರಡು ತಿಂಗಳು ಅವಳ ಚಾಕರಿಗೆ ಮಗಳೇ ಬಂದು ನಿಂತಿದ್ದಳು. ಚೌಡಯ್ಯ ಹತ್ತಿರ ಹೋಗಿ ಕೂತರೆ ಪುಟ್ಟಲಕ್ಷ್ಮಿ ಹೊದಿಕೆ ಎಳೆದುಕೊಂಡು, "ನೀವು ಆಚೆ ಇರಿ" ಎನ್ನುತ್ತಿದ್ದಳು. ಮೂವತ್ತಾರು ವರ್ಷ ಬಾಳ್ವೆ ಮಾಡಿದ ಹೆಂಡತಿ ಹೀಗೆ ಅಂದದ್ದು ಅವನಿಗೆ ಸಾವಿಗಿಂತ ಹೆಚ್ಚಾಗಿ ನೋಯುತ್ತಿತ್ತು. ಯಾರ ಬಳಿಯೂ ಹೇಳಿಕೊಳ್ಳಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ, ಕಾರನ್ನು ಯಾರಿಗಾದರೂ ಕೊಟ್ಟುಬಿಡೋಣ ಎಂದು ಟಾರ್ಪಾಲು ತೆಗೆದ. ಕೆಟ್ಟ ಗಾಡಿಯನ್ನು ಸರಿಯಿದೆ ಎಂದು ಹೇಳಿ ಕೊಡುವ ಜಾತಿಯವನಲ್ಲ. ನೀರು ತುಂಬಿ, ಇಂಜಿನ್ ಚಾಲೂ ಮಾಡಿ, ಹೀಟರು ತಿರುಗಿಸಿದ. ಡ್ಯಾಶ್‌ಬೋರ್ಡಿನ ಎಡಗಡೆ ಎಲ್ಲೋ ಸಣ್ಣಗೆ ಸುಯ್ ಎಂದಂತಾಯಿತು. ಕಿವಿಗೊಟ್ಟು ಕೇಳಲೆಂದು ಸುತ್ತಿ ಬಂದು ಎಡಗಡೆಯ ಸೀಟಿನಲ್ಲಿ ಕೂತ. ಇಷ್ಟು ವರ್ಷಗಳಲ್ಲಿ ಅವನು ಆ ಸೀಟಿನಲ್ಲಿ ಕೂತದ್ದು ಅದೇ ಮೊದಲು.

ಹತ್ತು ನಿಮಿಷಕ್ಕೆ ಎದುರಿನ ಗಾಜು ಒಳಗಿನಿಂದ ಮಬ್ಬಾಯಿತು. ಹದಿನೈದಕ್ಕೆ ಪಾದಕ್ಕೆ ಏನೋ ಬೆಚ್ಚಗೆ ತಾಗಿತು. ಪಂಚೆಯ ಅಂಚು ಒದ್ದೆ. ಮ್ಯಾಟು ಎತ್ತಿದರೆ ಕೆಳಗೆ ನೀರು ನಿಂತಿತ್ತು. ಹಳೆಯ ಇಂಜಿನ್ನಿನ ತುಕ್ಕಿಗೆ ತುಸು ಹಳದಿಗೆ ತಿರುಗಿದ, ವಾಸನೆಯಿಲ್ಲದ, ನಲ್ಲಿಯ ನೀರು. ಹೀಟರಿನೊಳಗಿನ ಚಿಕ್ಕ ರೇಡಿಯೇಟರು ತೂತಾಗಿತ್ತು. ಅವನು ರಟ್ಟು ಹಾಸಿದ್ದು ಕಾರಿನ ಅಡಿಗೆ. ಸೋರುತ್ತಿದ್ದದ್ದು ಕಾರಿನ ಒಳಗೆ. ಹೀಟರು ಹಾಕಿದಷ್ಟೂ ಜಾಸ್ತಿ ಸೋರುತ್ತಿತ್ತು.

ಸಿಕ್ಕಿತಲ್ಲ ಕಳ್ಳ! ತಿಂಗಳುಗಳ ನಂತರ ಚೌಡಯ್ಯನ ಮುಖದಲ್ಲಿ ಗೆಲುವು ಮೂಡಿತು. ಆ ಉಮೇದಿನಲ್ಲೇ ಮಗಳಿಗೆ ಫೋನ್ ಮಾಡಿದ.

"ಶಾಮಲಾ, ಸಿಕ್ತು ಕಣೇ! ನೀರೆಲ್ಲ ಎಡಗಡೆ ಸೀಟಿನ ಕೆಳಗೆ ಇಳೀತಿತ್ತು. ನಿಮ್ಮಮ್ಮನ ಕಾಲ ಬುಡದಲ್ಲೇ! ಇಷ್ಟು ದಿನ ನಂಗೆ ಹೊಳೀಲೇ ಇಲ್ಲ ನೋಡು."

ಶಾಮಲಾ, "ಅದನ್ನ ಒರೆಸ್ಬೇಡ ಅಪ್ಪ. ನಾನು ಬರ್ತೀನಿ" ಎಂದು ಇಟ್ಟುಬಿಟ್ಟಳು.

ಒಂದೂವರೆ ಗಂಟೆಯಲ್ಲಿ ಬಂದವಳು ಚಪ್ಪಲಿಯನ್ನೂ ಬಿಡದೆ ಕಾರಿನ ಹತ್ತಿರ ಹೋದಳು. ಬಗ್ಗಿ ಆ ನೀರನ್ನು ಬೆರಳಿನಲ್ಲಿ ಮುಟ್ಟಿದಳು. ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಏನಾಯ್ತೇ?"

"ಅಪ್ಪ, ಅಮ್ಮ ಇದು ತನ್ನದು ಅಂದ್ಕೊಂಡಿದ್ಲು."

ಚೌಡಯ್ಯನಿಗೆ ತಲೆಬುಡ ತಿಳಿಯಲಿಲ್ಲ.

"ತಾನೇ ಸೀರೇಲಿ ಒಂದಕ್ಕೆ ಮಾಡ್ಕೊಳ್ತಿದೀನಿ ಅಂದ್ಕೊಂಡಿದ್ಲು. ಕೆಳಗೆಲ್ಲ ಜೋಮು ಹಿಡಿದಂಗಿದೆ, ಗೊತ್ತೇ ಆಗಲ್ಲ, ಬೆಚ್ಚಗೆ ಕಾಲಿಗೆ ಇಳಿದಾಗ್ಲೇ ಗೊತ್ತಾಗೋದು ಅಂತಿದ್ಲು. ಲಂಗದ ಮೇಲೆ ಹಳದಿ ಕಲೆ ತೋರ್ಸಿದ್ಲು. ನಾನು ನರ್ಸ್ ಹತ್ರ ಕೇಳ್ದೆ, ಕರೆಂಟ್ ಕೊಡುವಾಗ ಕೆಲವರಿಗೆ ಹಂಗಾಗುತ್ತೆ ಅಂದ್ರು. ಅದಕ್ಕೇ ಅಮ್ಮ ನೀರು ಕುಡಿಯೋದು ಬಿಟ್ಲು. ನಿಂಗೆ ಹೇಳಬಾರ್ದು ಅಂತ ನನ್ನ ಕೈಲಿ ಆಣೆ ಹಾಕಿಸ್ಕೊಂಡಿದ್ಲು."

ಸೀಟಿನ ಕೆಳಗೆ ನೀರು ಇನ್ನೂ ನಿಂತೇ ಇತ್ತು. ಅದನ್ನು ಒರೆಸಬೇಕೆಂದು ಇಬ್ಬರಿಗೂ ತೋಚಲಿಲ್ಲ.

"ಇವರ ಕಾರಲ್ಲಿ ಬಂದ ದಿನ ಆಗ್ಲಿಲ್ಲ ಅಪ್ಪ. ಇವತ್ತು ಒಣಗೇ ಇದೀನಿ ಕಣೇ, ದೇವರು ಕಣ್ಬಿಟ್ಟ ಅಂತ ನನ್ನ ತಬ್ಕೊಂಡ್ಲು. ಅವಳೇ ಹೂವು ಕೇಳಿ ತಗೊಂಡಿದ್ದು. ಮಾರನೇ ದಿನ ಮತ್ತೆ ಶುರುವಾಯ್ತಲ್ಲ, ಅವತ್ತಿಂದ ಮಾತೇ ನಿಲ್ಲಿಸಿದ್ಲು. ಅದಾಗಿ ಐದು ದಿನಕ್ಕೆ, ಇನ್ನು ಬರಲ್ಲ ಅಂದ್ಲು."

ಚೌಡಯ್ಯ ಕಾರಿನ ಬಾಗಿಲು ಹಿಡಿದುಕೊಂಡ. ಆಸ್ಪತ್ರೆಯಲ್ಲಿ ಎಲ್ಲರೆದುರು ತಾನು ರೇಗಿದ್ದು, ಅವಳು ತಲೆ ತಗ್ಗಿಸಿದ್ದು ಕಣ್ಣ ಮುಂದೆ ಬಂತು. ಕುಲುಮೆಯ ಒಂದು ಹನಿ ನೀರು ಎಲ್ಲಿ ಹೋಯಿತೆಂದು ಹೇಳಬಲ್ಲೆ ಎಂದು ಊರಿಗೆಲ್ಲ ಸಾರಿಕೊಂಡಿದ್ದವನು, ಒಂದು ಮೊಳ ದೂರದಲ್ಲಿ ಕೂತ ಹೆಂಡತಿಯ ಕಾಲ ಕಡೆಗೆ ಒಂದು ದಿನವೂ ಕಣ್ಣು ಹಾಯಿಸಿರಲಿಲ್ಲ. ತನ್ನ ಮೇಲೆ ತನಗೇ ಇಷ್ಟು ಹೇಸಿಗೆ ಅವನಿಗೆ ಎಂದೂ ಆಗಿರಲಿಲ್ಲ.

"ಕೊನೇವರೆಗೂ ಹಂಗೇ ಅಂದ್ಕೊಂಡಿದ್ಲಾ?" ಎಂದು ಕೇಳಿದ.

"ಹೂಂ. ಮನೇಲಿ ಆಗ್ದಿದ್ರೂ, ಯಾವಾಗ ಗೊತ್ತಿಲ್ದೆ ಆಗ್ಬಿಡುತ್ತೋ ಅಂತ ಕೊನೇವರೆಗೂ ಅದೇ ಭಯ."

"ಅದಕ್ಕೇನಾ ನನ್ನ ಹತ್ರ ಬರೋಕೆ ಬಿಡ್ತಿರ್ಲಿಲ್ಲ?"

ಶಾಮಲಾ ಕಣ್ಣೊರೆಸಿಕೊಂಡಳು.

"ನಿಂಗೆ ವಾಸನೆ ಬರಬಾರ್ದು ಅಂತ ಅಪ್ಪ."